ಅಪ್ಪಣೆಯಿಂದ ನಾದಕ್ಕೆ: ಸಿಂಥಸೈಜರ್ ಧ್ವನಿಯನ್ನು ಸೀಕ್ವೆನ್ಸರಿನಲ್ಲಿ ಮುದ್ರಿಸುವ ಭೌತವಿಜ್ಞಾನ

ನೌಬಾದದಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ನಿವೃತ್ತ ಸಂಗೀತ ಮಾಸ್ತರರೊಬ್ಬರು ಇದ್ದಾರೆ. ಸುತ್ತಲಿನ ಶಾಲೆಗಳ ಮಕ್ಕಳಿಗೆ ವಚನಗಳನ್ನು ಹಾಡಲು ಕಲಿಸುವುದು ಅವರು ಬಹುಕಾಲದಿಂದ ಮಾಡಿಕೊಂಡು ಬಂದ ಕೆಲಸ. ಪ್ರತಿ ಕಾರ್ಯಕ್ರಮಕ್ಕೂ ವಾದ್ಯದವರನ್ನು ಕರೆಸುವುದು ಸಣ್ಣ ಶಾಲೆಗಳಿಗೆ ಆಗದ ಮಾತು. ಆದ್ದರಿಂದ ಮಾಸ್ತರರು ಹನ್ನೆರಡು ವಚನಗಳಿಗೆ ಬೇಕಾದ ಹಿಮ್ಮೇಳವನ್ನು ತಾವೇ ನುಡಿಸಿ, ಸೀಕ್ವೆನ್ಸರ್ ಎಂಬ ಪೆಟ್ಟಿಗೆಯಲ್ಲಿ ಕೂಡಿಸಿಟ್ಟಿದ್ದರು. ತಬಲಾದ ಧ್ವನಿ ಆ ಪೆಟ್ಟಿಗೆಯದೇ. ಸಾರಂಗಿ, ಕೊಳಲು, ತಂಬೂರಿಯಂಥ ಧ್ವನಿಗಳು ಮಾತ್ರ ಅದಕ್ಕೆ ಜೋಡಿಸಿದ ಹೊರಗಿನ ಸಿಂಥಸೈಜರಿನಿಂದ ಬರುತ್ತಿದ್ದವು.

ಒಂದು ಮಳೆಗಾಲದ ಸಂಜೆ ವಿದ್ಯುತ್ತಿನ ಏರುಪೇರಿಗೆ ಸಿಂಥಸೈಜರ್ ಸುಟ್ಟುಹೋಯಿತು. ಮಾಸ್ತರರು ಹೆಚ್ಚು ಚಿಂತೆ ಮಾಡಲಿಲ್ಲ. "ಯಂತ್ರ ಹೋದರ ಹೋಗ್ಲಿ ಬಿಡ್ರಿ ಸರ, ಹಾಡೆಲ್ಲ ಈ ಪೆಟಗಿದಾಗ ಅದಾವಲ್ಲ" ಎಂದರು. ನಾವು ಸೀಕ್ವೆನ್ಸರನ್ನು ಬೇರೊಂದು ಕೀಬೋರ್ಡಿಗೆ ಜೋಡಿಸಿದೆವು. ಸ್ವರಗಳೆಲ್ಲ ಸರಿಯಾಗಿಯೇ ಬಂದವು. ಆದರೆ ಸಾರಂಗಿ ಅಳಬೇಕಾದ ಜಾಗದಲ್ಲಿ ತುತ್ತೂರಿ ಕೂಗಿತು. ಮಾಸ್ತರರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ನಂದಲ್ರಿ" ಎಂದರು.

ಹಾಡು ಪೆಟ್ಟಿಗೆಯಲ್ಲಿದೆ ಎಂಬ ಅವರ ನಂಬಿಕೆ ತಪ್ಪಾದುದು ಏಕೆ? ಹೊರಗಿನ ಸಿಂಥಸೈಜರಿನ ಧ್ವನಿಯನ್ನು ಸೀಕ್ವೆನ್ಸರಿನೊಳಗೆ ನಿಜವಾಗಿ ಮುದ್ರಿಸಿ ಅಂತಿಮ ಮಿಶ್ರಣಕ್ಕೆ ಸಿದ್ಧಗೊಳಿಸುವುದು ಹೇಗೆ? ಈ ಕೆಲಸದ ಒಂದೊಂದು ಹಂತದಲ್ಲೂ ಪಿಯುಸಿ ಮತ್ತು ಪದವಿ ತರಗತಿಗಳ ಭೌತವಿಜ್ಞಾನ ಅಡಗಿದೆ. ಅದನ್ನು ಇಲ್ಲಿ ನೋಡೋಣ.

ಸಂಜ್ಞೆ ಬೇರೆ, ನಾದ ಬೇರೆ

ಸೀಕ್ವೆನ್ಸರ್ ಮತ್ತು ಸಿಂಥಸೈಜರ್ ಪರಸ್ಪರ ಮಾತನಾಡುವ ಭಾಷೆಗೆ 'ಮಿಡಿ' ಎಂದು ಹೆಸರು. ಕನ್ನಡದ 'ಮಿಡಿತ'ಕ್ಕೂ ಇದಕ್ಕೂ ಸಂಬಂಧವಿಲ್ಲ. 'ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್' ಎಂಬ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ಆದ ಪದ ಇದು. ಕೀಲಿಯೊಂದನ್ನು ಒತ್ತಿದಾಗ ತಂತಿಯಲ್ಲಿ ಹರಿಯುವುದು ಶಬ್ದದ ತರಂಗವಲ್ಲ. ಕೇವಲ ಮೂರು ಸಂಖ್ಯೆಗಳು. ಉದಾಹರಣೆಗೆ 144, 60, 100 ಎಂಬ ಸಂಖ್ಯೆಗಳನ್ನು ತೆಗೆದುಕೊಳ್ಳಿ. ಮೊದಲನೆಯದು 'ಒಂದನೆಯ ಚಾನಲ್‌ನಲ್ಲಿ ಸ್ವರ ಆರಂಭಿಸು' ಎನ್ನುತ್ತದೆ. ಎರಡನೆಯದು ಯಾವ ಸ್ವರ, ಮೂರನೆಯದು ಎಷ್ಟು ಜೋರಾಗಿ ಎಂಬುದನ್ನು ತಿಳಿಸುತ್ತವೆ. ಸ್ವರಕ್ಕೂ ಜೋರಿಗೂ 0ಯಿಂದ 127ರವರೆಗಿನ ಸಂಖ್ಯೆಗಳಿವೆ. ಚಾನಲ್‌ಗಳು 16.

ಸ್ವರಸಂಖ್ಯೆಯಿಂದ ಆವೃತ್ತಿಯನ್ನು ಕಂಡುಹಿಡಿಯುವ ಸೂತ್ರ ಸರಳವಾದುದು. ಸ್ವರಸಂಖ್ಯೆಯಿಂದ 69ನ್ನು ಕಳೆದು 12ರಿಂದ ಭಾಗಿಸಿ. ಬಂದ ಸಂಖ್ಯೆಯನ್ನು 2ರ ಘಾತವಾಗಿಟ್ಟು 440ರಿಂದ ಗುಣಿಸಿ. ಹಾರ್ಮೋನಿಯಂ ನುಡಿಸುವವರು 'ಕರಿ ಒಂದು' ಎನ್ನುವ ಕೀಲಿಗೆ ನಡು ಸಪ್ತಕದಲ್ಲಿ 61 ಎಂಬ ಸಂಖ್ಯೆ ಇದೆ. ಲೆಕ್ಕ ಮಾಡಿದರೆ ಅದರ ಆವೃತ್ತಿ 277.2 ಹರ್ಟ್ಸ್ ಎಂದು ತಿಳಿಯುತ್ತದೆ.

ಹೀಗೆ ಮಿಡಿ ಎಂಬುದು ಅಪ್ಪಣೆಗಳ ಪಟ್ಟಿಯೇ ಹೊರತು ಧ್ವನಿಯಲ್ಲ. ಸ್ವರಲಿಪಿ ಬರೆದ ಕಾಗದ ಹಾಡಲಾರದು. ಅದನ್ನು ಓದಿ ಹಾಡುವವರು ಬೇಕು. ಸೀಕ್ವೆನ್ಸರಿನಲ್ಲಿ ಉಳಿದಿದ್ದುದು ಆ ಕಾಗದ ಮಾತ್ರ. ಹಾಡುಗಾರನಾದ ಸಿಂಥಸೈಜರ್ ಸುಟ್ಟುಹೋಗಿತ್ತು. '48ನೆಯ ಧ್ವನಿಯನ್ನು ಆರಿಸು' ಎಂಬ ಅಪ್ಪಣೆ ಒಂದು ಯಂತ್ರದಲ್ಲಿ ಸಾರಂಗಿಯನ್ನು ತಂದರೆ ಇನ್ನೊಂದರಲ್ಲಿ ತುತ್ತೂರಿಯನ್ನು ತರಬಹುದು. ಈ ಗೊಂದಲವನ್ನು ತಪ್ಪಿಸಲೆಂದು 1991ರಲ್ಲಿ 'ಜನರಲ್ ಮಿಡಿ' ಎಂಬ 128 ಧ್ವನಿಗಳ ಸಮಾನ ಪಟ್ಟಿ ಬಂದಿತು. ಅದರಲ್ಲಿ 105ನೆಯದು ಸಿತಾರ್, 112ನೆಯದು ಶಹನಾಯಿ. ಆದರೆ ಸಾರಂಗಿಗೂ ತಂಬೂರಿಗೂ ಆ ಪಟ್ಟಿಯಲ್ಲಿ ಜಾಗವಿಲ್ಲ. ಪಟ್ಟಿಯಲ್ಲಿರುವ ವಾದ್ಯಗಳೂ ಯಂತ್ರದಿಂದ ಯಂತ್ರಕ್ಕೆ ಬೇರೆ ಬೇರೆಯಾಗಿ ಕೇಳಿಸುತ್ತವೆ.

ಸ್ವಲ್ಪ ಇತಿಹಾಸ

ಭಾರತಕ್ಕೂ ಸಿಂಥಸೈಜರಿಗೂ ಇರುವ ನಂಟು ಹಳೆಯದು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಮೂಗ್ ಸಿಂಥಸೈಜರ್ ಒಂದನ್ನು ಸ್ಥಾಪಿಸಲಾಯಿತು. 1979ರಲ್ಲಿ ಬೆಂಗಳೂರಿನ ಎಂಜಿನಿಯರ್ ಮತ್ತು ಕೊಳಲುವಾದಕ ಜಿ. ರಾಜನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಅವರ ರಾಡೆಲ್ ಸಂಸ್ಥೆಯಿಂದ ಮುಂದೆ 'ತಾಲಮಾಲಾ' ಎಂಬ ಎಲೆಕ್ಟ್ರಾನಿಕ್ ತಬಲಾ ಕೂಡ ಬಂದಿತು. ತಾಳದ ಬೋಲುಗಳನ್ನು ನೆನಪಿನಲ್ಲಿಟ್ಟುಕೊಂಡು ಆವರ್ತನದ ನಂತರ ಆವರ್ತನವಾಗಿ ನುಡಿಸುವ ಅಂಥ ಪೆಟ್ಟಿಗೆಯೂ ಒಂದು ಬಗೆಯ ಸೀಕ್ವೆನ್ಸರೇ ಎನ್ನಬಹುದು. 1982ರಲ್ಲಿ ಮುಂಬಯಿಯ ಚರಣಜಿತ್ ಸಿಂಗ್ ಒಂದು ತಾಳಯಂತ್ರ ಮತ್ತು ಎರಡು ಸಿಂಥಸೈಜರುಗಳನ್ನು ಬಳಸಿ ಹತ್ತು ರಾಗಗಳ ಗ್ರಾಮಫೋನ್ ತಟ್ಟೆಯೊಂದನ್ನು ಹೊರತಂದರು. ಆಗಿನ್ನೂ ಮಿಡಿ ಇರಲಿಲ್ಲ.

ಹೊರದೇಶಗಳಲ್ಲಿ 1977ರಲ್ಲೇ ಜಪಾನಿನ ರೋಲ್ಯಾಂಡ್ ಸಂಸ್ಥೆ ಎಂಸಿ-8 ಎಂಬ ಸೂಕ್ಷ್ಮಸಂಸ್ಕಾರಕ ಆಧಾರಿತ ಸೀಕ್ವೆನ್ಸರನ್ನು ತಂದಿತ್ತು. ಆದರೆ ಒಂದು ಕಂಪನಿಯ ಯಂತ್ರಕ್ಕೆ ಇನ್ನೊಂದು ಕಂಪನಿಯ ಭಾಷೆ ತಿಳಿಯುತ್ತಿರಲಿಲ್ಲ. ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ಇಕುತಾರೊ ಕಾಕೆಹಾಶಿ ಮುಂದಾಳುಗಳಾಗಿ ನಿಂತು ಪೈಪೋಟಿಯ ಕಂಪನಿಗಳನ್ನು ಒಂದುಗೂಡಿಸಿದರು. 1983ರ ಜನವರಿಯಲ್ಲಿ ಎರಡು ಬೇರೆ ಕಂಪನಿಗಳ ಸಿಂಥಸೈಜರುಗಳನ್ನು ಒಂದೇ ತಂತಿಯಿಂದ ಜೋಡಿಸಿ ಜನರ ಮುಂದೆ ನುಡಿಸಲಾಯಿತು. ಇಬ್ಬರಿಗೂ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ಕಾಕೆಹಾಶಿ 2017ರಲ್ಲಿ, ಸ್ಮಿತ್ 2022ರಲ್ಲಿ ತೀರಿಕೊಂಡರು. 1988ರಲ್ಲಿ ರೋಜರ್ ಲಿನ್ ವಿನ್ಯಾಸದ ಎಂಪಿಸಿ-60 ಬಂದ ಮೇಲೆ ಅಪ್ಪಣೆಗಳನ್ನೂ ಧ್ವನಿಯ ತುಣುಕುಗಳನ್ನೂ ಒಟ್ಟಿಗೆ ಹಿಡಿದಿಡುವ ಪೆಟ್ಟಿಗೆಗಳು ಜನಪ್ರಿಯವಾದವು. ಮಾಸ್ತರರ ಸೀಕ್ವೆನ್ಸರೂ ಧ್ವನಿಯನ್ನು ಮುದ್ರಿಸಬಲ್ಲ ಮಾದರಿಯದೇ. ಅವರು ಆ ಅನುಕೂಲವನ್ನು ಬಳಸಿರಲಿಲ್ಲ, ಅಷ್ಟೆ.

ಎರಡು ದಿನದ ಸಾಲ

ವಿಚಾರಿಸಿದಾಗ ಭಾಲ್ಕಿಯಲ್ಲಿ ಮದುವೆಗಳಿಗೆ ವಾದ್ಯ ನುಡಿಸುವ ಪರಿಚಿತರೊಬ್ಬರ ಹತ್ತಿರ ಸುಟ್ಟುಹೋದ ಮಾದರಿಯದೇ ಸಿಂಥಸೈಜರ್ ಇರುವುದು ತಿಳಿಯಿತು. ಶುಕ್ರವಾರ ಸಂಜೆ ಕೊಟ್ಟರು. ಸೋಮವಾರ ಅವರಿಗೆ ಮದುವೆ ಇದ್ದುದರಿಂದ ಭಾನುವಾರ ಸಂಜೆ ಮರಳಿಸಬೇಕಿತ್ತು. ಮಾಸ್ತರರು ಕಾರ್ಖಾನೆಯಿಂದ ಬಂದ ಧ್ವನಿಗಳನ್ನೇ ಬಳಸಿದ್ದರು. ಅದು ನಮ್ಮ ಪುಣ್ಯ. ತಾವೇ ತಿದ್ದಿ ರೂಪಿಸಿದ ಧ್ವನಿಗಳಾಗಿದ್ದರೆ ಅವು ಹಳೆಯ ಯಂತ್ರದೊಂದಿಗೇ ಹೋಗುತ್ತಿದ್ದವು.

ಹನ್ನೆರಡು ಹಾಡುಗಳು, ಪ್ರತಿ ಹಾಡಿಗೆ ಹೊರಗಿನ ಮೂರು ಧ್ವನಿಗಳು. ಒಟ್ಟು 36 ಸಲ ಮುದ್ರಿಸಬೇಕು. ಧ್ವನಿಮುದ್ರಣ ನಡೆಯುವುದು ಹಾಡು ನಡೆಯುವಷ್ಟೇ ಹೊತ್ತು. ಹಾಡಿಗೆ 4 ನಿಮಿಷದಂತೆ 144 ನಿಮಿಷ. ಕಾಗದದ ಮೇಲೆ ಎರಡೂವರೆ ಗಂಟೆಯ ಕೆಲಸ. ನಿಜದಲ್ಲಿ ಎರಡು ರಾತ್ರಿಗಳು ಬೇಕಾದವು.

ಎರಡು ದಾರಿ, ಎರಡು ತಂತಿ

ಜೋಡಣೆಯಲ್ಲಿ ಎರಡು ದಾರಿಗಳಿವೆ. ಸೀಕ್ವೆನ್ಸರಿನ ಮಿಡಿ ಔಟ್‌ನಿಂದ ಸಿಂಥಸೈಜರಿನ ಮಿಡಿ ಇನ್‌ಗೆ ಐದು ಪಿನ್ನಿನ ಕೇಬಲ್. ಇದು ಅಪ್ಪಣೆ ಹೋಗುವ ದಾರಿ. ಸಿಂಥಸೈಜರಿನ ಎಡ ಮತ್ತು ಬಲ ಆಡಿಯೋ ಔಟ್‌ಗಳಿಂದ ಸೀಕ್ವೆನ್ಸರಿನ ಲೈನ್ ಇನ್‌ಗೆ ಎರಡು ಕೇಬಲ್‌ಗಳು. ಇದು ಧ್ವನಿ ಮರಳುವ ದಾರಿ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪು ಎಂದರೆ ಮೊದಲನೆಯದನ್ನು ಮಾತ್ರ ಜೋಡಿಸಿ ಧ್ವನಿ ಮುದ್ರಣವಾಯಿತೆಂದು ಭಾವಿಸುವುದು.

ಮಿಡಿ ಕೇಬಲಿನ ತುದಿಯಲ್ಲಿ ಸೊಗಸಾದ ಉಪಾಯವೊಂದಿದೆ. ಕಳಿಸುವ ಯಂತ್ರ 5 ಮಿಲಿಆಂಪಿಯರ್ ವಿದ್ಯುತ್ತನ್ನು ಹರಿಸಿ ನಿಲ್ಲಿಸುತ್ತದೆ. ಪಡೆಯುವ ಯಂತ್ರದೊಳಗೆ ಆ ವಿದ್ಯುತ್ತು ಒಂದು ಎಲ್‌ಇಡಿಯನ್ನು ಬೆಳಗುತ್ತದೆ. ಎದುರಿಗಿರುವ ದ್ಯುತಿ ಟ್ರಾನ್ಸಿಸ್ಟರ್ ಆ ಬೆಳಕನ್ನು ಮತ್ತೆ ವಿದ್ಯುತ್ ಸಂಜ್ಞೆಯಾಗಿ ಬದಲಿಸುತ್ತದೆ. ಹೀಗೆ ಸಂಜ್ಞೆ ಬೆಳಕಿನ ರೂಪದಲ್ಲಿ ದಾಟುವುದರಿಂದ ಎರಡು ಯಂತ್ರಗಳ ನಡುವೆ ನೇರವಾದ ವಿದ್ಯುತ್ ಸಂಪರ್ಕವೇ ಇರುವುದಿಲ್ಲ.

ಗುಂಯ್‌ಗುಡುವ 50 ಹರ್ಟ್ಸ್

ಆಡಿಯೋ ಕೇಬಲಿಗೆ ಈ ರಕ್ಷಣೆ ಇಲ್ಲ. ಮೊದಲ ಸಲ ಜೋಡಿಸಿದಾಗ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ನಿಲ್ಲದೆ ಬಂದಿತು. ಸಿಂಥಸೈಜರನ್ನು ಒಂದು ಗೋಡೆಯ ಪ್ಲಗ್ಗಿಗೂ ಸೀಕ್ವೆನ್ಸರನ್ನು ಇನ್ನೊಂದು ಗೋಡೆಯ ಪ್ಲಗ್ಗಿಗೂ ಜೋಡಿಸಿದ್ದೆವು. ಎರಡು ಪ್ಲಗ್ಗುಗಳ ಭೂಸಂಪರ್ಕಗಳ ನಡುವೆ ಅತ್ಯಲ್ಪ ವಿಭವಾಂತರ ಇದ್ದರೂ ಸಾಕು, ಕೇಬಲಿನ ಹೊರಕವಚದ ಮೂಲಕ ವಿದ್ಯುತ್ತು ಹರಿಯುತ್ತದೆ. ಅದು ನಮ್ಮ ಮನೆಗಳ ಪರ್ಯಾಯ ವಿದ್ಯುತ್ತಿನ 50 ಹರ್ಟ್ಸ್ ಆವೃತ್ತಿಯಲ್ಲೂ ಅದರ ಅಪವರ್ತ್ಯಗಳಾದ 100, 150 ಹರ್ಟ್ಸ್‌ಗಳಲ್ಲೂ ಕೇಳಿಸುತ್ತದೆ. ಇದಕ್ಕೆ ಭೂಸಂಪರ್ಕದ ಕುಣಿಕೆ ಎನ್ನಬಹುದು.

ಎರಡೂ ಯಂತ್ರಗಳನ್ನು ಒಂದೇ ಪ್ಲಗ್ ಹಲಗೆಗೆ ಜೋಡಿಸಿದಾಗ ಸದ್ದು ಬಹುಮಟ್ಟಿಗೆ ಅಡಗಿತು. ಉಳಿದುದಕ್ಕೆ ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರ್ ಇರುವ ಪೆಟ್ಟಿಗೆಯನ್ನು ಮಧ್ಯೆ ಇರಿಸಬೇಕು. ಯಂತ್ರಗಳಲ್ಲಿ ಅನುಕೂಲವಿದ್ದರೆ ಸಮತೋಲಿತ ಕೇಬಲನ್ನೂ ಬಳಸಬಹುದು. ಅದರಲ್ಲಿ ಒಂದು ತಂತಿ ಧ್ವನಿಯನ್ನು ನೇರವಾಗಿಯೂ ಇನ್ನೊಂದು ತಲೆಕೆಳಗಾಗಿಯೂ ಒಯ್ಯುತ್ತವೆ. ದಾರಿಯಲ್ಲಿ ಸೇರಿದ ಗದ್ದಲ ಎರಡರಲ್ಲೂ ಒಂದೇ ಆಗಿರುತ್ತದೆ. ತುದಿಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ಸೊನ್ನೆಯಾಗಿ ಧ್ವನಿ ಇಮ್ಮಡಿಯಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗುಂಯ್ ಸದ್ದು ನಿಲ್ಲಿಸಲು ಕೆಲವರು ಪ್ಲಗ್ಗಿನ ಭೂಸಂಪರ್ಕದ ಪಿನ್ನನ್ನೇ ತೆಗೆದುಬಿಡುತ್ತಾರೆ. ಸದ್ದೇನೋ ನಿಲ್ಲುತ್ತದೆ. ಆದರೆ ಯಂತ್ರದಲ್ಲಿ ದೋಷ ಉಂಟಾದರೆ ಅದರ ಲೋಹದ ಮೈಗೆ 230 ವೋಲ್ಟ್ ಬಂದು, ಮುಟ್ಟಿದವರ ಪ್ರಾಣಕ್ಕೆ ಅಪಾಯವಾಗಬಹುದು. ಶಾಲೆಯ ವೇದಿಕೆಯಲ್ಲಿ ಮೈಕು ಹಿಡಿಯುವವರು ಮಕ್ಕಳು ಎಂಬುದನ್ನು ಮರೆಯಬಾರದು.

ಸುರಂಗಬಾವಿ ಮತ್ತು ಮಾದರಿಗಳ ಎಣಿಕೆ

ಮರಳಿ ಬಂದ ಧ್ವನಿಯನ್ನು ಸೀಕ್ವೆನ್ಸರ್ ಸಂಖ್ಯೆಗಳನ್ನಾಗಿ ಬದಲಿಸಬೇಕು. ಇದನ್ನು ತಿಳಿಸಲು ನನ್ನ ವಿದ್ಯಾರ್ಥಿಗಳಿಗೆ ನೌಬಾದದ ಸುರಂಗಬಾವಿಯನ್ನೇ ಉದಾಹರಣೆ ಕೊಡುತ್ತೇನೆ. ಬಹಮನಿ ಕಾಲದ ಈ ಕಾರೇಜ್ ನೆಲದಡಿಯಲ್ಲಿ ನೀರನ್ನು ಇಳಿಜಾರಿನಲ್ಲಿ ಹರಿಸುವ ಸುರಂಗ. ಮೇಲಿನಿಂದ ನಮಗೆ ಕಾಣುವುದು ಸಾಲಾಗಿ ತೋಡಿದ ಬಾವಿಗಳ ಬಾಯಿಗಳು ಮಾತ್ರ. ಬಾವಿಗಳು ಹತ್ತಿರ ಹತ್ತಿರ ಇದ್ದರೆ ಒಳಗಿನ ಸುರಂಗ ಎಲ್ಲಿ ತಿರುಗುತ್ತದೆ ಎಂದು ಊಹಿಸಬಹುದು. ದೂರ ದೂರ ಇದ್ದರೆ ನಡುವಿನ ತಿರುವು ನಮ್ಮ ಕಣ್ತಪ್ಪಿ ಹೋಗುತ್ತದೆ.

ಧ್ವನಿಯ ತರಂಗವನ್ನೂ ಹೀಗೆಯೇ ಸೆಕೆಂಡಿಗೆ 44,100 ಕಡೆ 'ಇಣುಕಿ' ಅಳೆಯಲಾಗುತ್ತದೆ. ಒಂದು ಆವೃತ್ತಿಯನ್ನು ಸರಿಯಾಗಿ ಹಿಡಿಯಬೇಕಾದರೆ ಅದರ ಎರಡರಷ್ಟಕ್ಕಿಂತ ಹೆಚ್ಚು ಮಾದರಿಗಳು ಬೇಕು. ಆದ್ದರಿಂದ 22,050 ಹರ್ಟ್ಸ್‌ಗಿಂತ ಕೆಳಗಿನ ಆವೃತ್ತಿಗಳನ್ನು ಮಾತ್ರ ಮುದ್ರಿಸಬಹುದು. ಮನುಷ್ಯನ ಕಿವಿಯ ಮಿತಿ ಸುಮಾರು 20,000 ಹರ್ಟ್ಸ್ ಆದುದರಿಂದ ಇಷ್ಟು ಸಾಕು. ಅದಕ್ಕಿಂತ ಮೇಲಿನ ಆವೃತ್ತಿಗಳನ್ನು ಮೊದಲೇ ಸೋಸದಿದ್ದರೆ ಅವು ಸುಳ್ಳು ವೇಷದಲ್ಲಿ ಬರುತ್ತವೆ. ಉದಾಹರಣೆಗೆ 30,000 ಹರ್ಟ್ಸ್‌ನ ಕಂಪನ 14,100 ಹರ್ಟ್ಸ್ ಆಗಿ ಕೇಳಿಸುತ್ತದೆ.

ಪ್ರತಿ ಮಾದರಿಗೆ 16 ಬಿಟ್, ಅಂದರೆ 2 ಬೈಟ್. ಎರಡು ಚಾನಲ್‌ಗಳಿಗೆ ಒಂದು ನಿಮಿಷಕ್ಕೆ 44,100 × 2 × 2 × 60 = 1,05,84,000 ಬೈಟ್‌ಗಳು. ಅದೇ ಒಂದು ನಿಮಿಷದಲ್ಲಿ 600 ಸ್ವರಗಳಿದ್ದರೆ ಆರಂಭಕ್ಕೆ 3, ಮುಕ್ತಾಯಕ್ಕೆ 3 ಬೈಟ್‌ಗಳಂತೆ ಮಿಡಿ ಅಪ್ಪಣೆಗಳಿಗೆ 3,600 ಬೈಟ್ ಸಾಕು. ಸುಮಾರು ಮೂರು ಸಾವಿರ ಪಟ್ಟು ವ್ಯತ್ಯಾಸ! ಕಾಗದಕ್ಕೂ ಹಾಡಿಗೂ ಇರುವ ಅಂತರ ಇದು. ನಮ್ಮ 144 ನಿಮಿಷಗಳಿಗೆ ಸುಮಾರು ಒಂದೂವರೆ ಗಿಗಾಬೈಟ್ ಜಾಗ ಬೇಕಾಯಿತು.

ಶ್ರುತಿ ಮೊದಲು, ಮಟ್ಟ ನಂತರ

ಮುದ್ರಿಸುವ ಮುನ್ನ ಶ್ರುತಿ ಮತ್ತು ಲಯದ ವೇಗ ಎರಡನ್ನೂ ಖಚಿತ ಮಾಡಿಕೊಳ್ಳಬೇಕು. ಮಿಡಿಯಲ್ಲಿ ಇವನ್ನು ಯಾವಾಗ ಬೇಕಾದರೂ ಬದಲಿಸಬಹುದು. ಧ್ವನಿಯಾಗಿ ಮುದ್ರಿಸಿದ ಮೇಲೆ ಬದಲಿಸಿದರೆ ಗುಣಮಟ್ಟ ಕೆಡುತ್ತದೆ. ಮಾಸ್ತರರ ಹಳೆಯ ಹಾರ್ಮೋನಿಯಮ್ಮಿನಲ್ಲಿ 440 ಹರ್ಟ್ಸ್ ಇರಬೇಕಾದ ಸ್ವರ 443ರಲ್ಲಿ ಇತ್ತು. ಎರಡನ್ನೂ ಒಟ್ಟಿಗೆ ನುಡಿಸಿದಾಗ ಸೆಕೆಂಡಿಗೆ ಮೂರು ಸಲ ಧ್ವನಿ ಏರಿ ಇಳಿಯಿತು. ಪಠ್ಯದಲ್ಲಿ ನಾವು ಓದುವ ವಿಸ್ಪಂದಗಳು ಇವೇ. ಮಕ್ಕಳು ಹಾರ್ಮೋನಿಯಮ್ಮಿನ ಜತೆಗೇ ಹಾಡುವುದರಿಂದ ಸಿಂಥಸೈಜರಿನ ಶ್ರುತಿಯನ್ನು 443ಕ್ಕೆ ಏರಿಸಿ, ವಿಸ್ಪಂದಗಳು ಅಡಗಿದ ಮೇಲೆ ಮುಂದುವರಿದೆವು.

ಇನ್ನು ಧ್ವನಿಯ ಮಟ್ಟ. 16 ಬಿಟ್‌ಗಳಲ್ಲಿ 65,536 ಮೆಟ್ಟಿಲುಗಳಿವೆ. ಅತಿ ದೊಡ್ಡ ಮತ್ತು ಅತಿ ಸಣ್ಣ ಧ್ವನಿಗಳ ಅಂತರ ಸುಮಾರು 96 ಡೆಸಿಬಲ್. ಪ್ರತಿ 6 ಡೆಸಿಬಲ್ ಇಳಿಸಿದಾಗಲೂ ಒಂದು ಬಿಟ್ ಕಳೆದುಕೊಂಡಂತೆ. ಹಾಗೆಂದು ಅಂಚಿನವರೆಗೆ ತುಂಬಿಸಬಾರದು. ಮಿತಿ ಮೀರಿದರೆ ತರಂಗದ ಶಿಖರಗಳು ಕತ್ತರಿಸಿದಂತೆ ಚಪ್ಪಟೆಯಾಗಿ ಕರ್ಕಶ ಧ್ವನಿ ಬರುತ್ತದೆ. ಅದನ್ನು ಮತ್ತೆ ಸರಿಪಡಿಸಲಾಗದು. ಹಾಡಿನ ಅತಿ ಜೋರಾದ ಭಾಗವನ್ನು ನುಡಿಸಿ, ಶಿಖರ ಮಿತಿಗಿಂತ 6ರಿಂದ 12 ಡೆಸಿಬಲ್ ಕೆಳಗೆ ನಿಲ್ಲುವಂತೆ ಇಡುವುದು ಒಳ್ಳೆಯ ಪದ್ಧತಿ. ಸಿಂಥಸೈಜರಿನ ಧ್ವನಿಯನ್ನು ಹೆಚ್ಚಿಟ್ಟು ಸೀಕ್ವೆನ್ಸರಿನ ವರ್ಧನೆಯನ್ನು ಕಡಿಮೆ ಇಡಬೇಕು. ತಿರುಗಾಮುರುಗಾ ಮಾಡಿದರೆ ದಾರಿಯ ಗದ್ದಲವೂ ಧ್ವನಿಯೊಂದಿಗೆ ಹಿಗ್ಗುತ್ತದೆ.

ಹಿಂದೆ ಬೀಳುವ ಸಾರಂಗಿ

ಮೊದಲ ಹಾಡನ್ನು ಮುದ್ರಿಸಿ ಕೇಳಿಸಿದಾಗ ಮಾಸ್ತರರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. "ಸರ, ತಬಲಾ ಮುಂದ ಹೊಂಟದ, ಸಾರಂಗಿ ಹಿಂದ ಉಳೀಲತ್ತದ" ಎಂದರು. ನನಗೆ ಏನೂ ಕೇಳಿಸಲಿಲ್ಲ. ಪರದೆಯ ಮೇಲೆ ತರಂಗವನ್ನು ಹಿಗ್ಗಿಸಿ ನೋಡಿದಾಗ ಅವರ ಮಾತು ನಿಜವಾಗಿತ್ತು: ಸಾರಂಗಿ 14 ಮಿಲಿಸೆಕೆಂಡು ತಡವಾಗಿ ಬರುತ್ತಿತ್ತು.

ಈ ತಡ ಎಲ್ಲಿಂದ ಬಂತು? ಮಿಡಿ ತಂತಿಯ ವೇಗ ಸೆಕೆಂಡಿಗೆ 31,250 ಬಿಟ್. ಒಂದು ಬೈಟ್ ಕಳಿಸಲು ಆರಂಭ ಮತ್ತು ಅಂತ್ಯದ ಗುರುತುಗಳೂ ಸೇರಿ 10 ಬಿಟ್ ಬೇಕು, ಅಂದರೆ 0.32 ಮಿಲಿಸೆಕೆಂಡು. ಮೂರು ಬೈಟ್‌ಗಳ ಒಂದು ಸ್ವರಕ್ಕೆ 0.96 ಮಿಲಿಸೆಕೆಂಡು. ಅಪ್ಪಣೆ ಮುಟ್ಟಿದ ಮೇಲೆ ಧ್ವನಿ ಹುಟ್ಟಿಸಲು ಸಿಂಥಸೈಜರ್ ಕೆಲವು ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಮರಳಿದ ಧ್ವನಿಯನ್ನು ಸೀಕ್ವೆನ್ಸರ್ 256 ಮಾದರಿಗಳ ಕಟ್ಟಾಗಿ ಪಡೆಯುತ್ತಿದ್ದರೆ ಅದಕ್ಕೇ 5.8 ಮಿಲಿಸೆಕೆಂಡು. ಇವೆಲ್ಲ ಸೇರಿ ತಡವಾಗುತ್ತದೆ. ತಬಲಾ ಸೀಕ್ವೆನ್ಸರಿನ ಒಳಗೇ ಹುಟ್ಟುವುದರಿಂದ ಅದಕ್ಕೆ ಈ ಪ್ರಯಾಣವಿಲ್ಲ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಆದ್ದರಿಂದ 14 ಮಿಲಿಸೆಕೆಂಡಿನ ತಡ ಎಂದರೆ ಸಾರಂಗಿಯವರು ತಬಲಾದಿಂದ 4.8 ಮೀಟರ್ ದೂರದಲ್ಲಿ ಕುಳಿತು ನುಡಿಸಿದಂತೆ.

ತಡ ಎರಡು ಬಗೆಯದು. ಯಾವಾಗಲೂ ಒಂದೇ ಪ್ರಮಾಣದಲ್ಲಿ ಇರುವ ತಡವನ್ನು ಸುಲಭವಾಗಿ ಸರಿಪಡಿಸಬಹುದು. ಸಿಂಥಸೈಜರಿನಲ್ಲಿ ಚಿಟಿಕೆಯಂಥ ಮೊನಚಾದ ಧ್ವನಿಯೊಂದನ್ನು ಆರಿಸಿ, ಸಮದ ಮೇಲೆ ಒಂದೇ ಸ್ವರ ಇರಿಸಿ ಮುದ್ರಿಸಿ. ತಾಳದ ಗೆರೆಯಿಂದ ತರಂಗ ಎಷ್ಟು ಮಾದರಿಗಳ ನಂತರ ಏಳುತ್ತದೆ ಎಂದು ಎಣಿಸಿ. ನಮಗೆ 617 ಬಂದಿತು. ಮುದ್ರಿಸಿದ ಪ್ರತಿಯೊಂದು ಟ್ರ್ಯಾಕನ್ನೂ 617 ಮಾದರಿಗಳಷ್ಟು ಹಿಂದಕ್ಕೆ ಸರಿಸಿದೆವು. ಸಾರಂಗಿ ತಬಲಾದ ಪಕ್ಕಕ್ಕೆ ಬಂದು ಕುಳಿತಿತು!

ಹೆಚ್ಚುಕಡಿಮೆ ಆಗುವ ತಡ ಮಾತ್ರ ತೊಂದರೆ ಕೊಡುತ್ತದೆ. ಮಿಡಿ ತಂತಿ ಒಬ್ಬರೇ ಹೋಗಬಹುದಾದ ಓಣಿ ಇದ್ದಂತೆ. ಒಂದೇ ಗಳಿಗೆಯಲ್ಲಿ ಎಂಟು ಸ್ವರಗಳು ಇದ್ದರೆ ಕೊನೆಯದು ತಲುಪಿ ಮುಗಿಯುವಾಗ 7.7 ಮಿಲಿಸೆಕೆಂಡು ಕಳೆದಿರುತ್ತದೆ. ನಮ್ಮ ಸಂಗೀತದ ಮೀಂಡ್, ಗಮಕಗಳಿಗೆ ಬಳಸುವ ಸ್ವರ ಬಾಗಿಸುವ ಸಂಜ್ಞೆಯಲ್ಲಿ 16,384 ಮೆಟ್ಟಿಲುಗಳಿವೆ. ಸೂಕ್ಷ್ಮತೆಗೆ ಕೊರತೆಯಿಲ್ಲ. ಆದರೆ ಒಂದು ಉದ್ದನೆಯ ಮೀಂಡ್ ಇಂಥ ನೂರಾರು ಸಂಜ್ಞೆಗಳನ್ನು ಸುರಿಸಿ ಓಣಿಯನ್ನೇ ತುಂಬಿಬಿಡುತ್ತದೆ. ಹಿಂದಿನಿಂದ ಬರುವ ಕೊಳಲಿನ ಸ್ವರ ಕಾಯಬೇಕಾಗುತ್ತದೆ. ಇದಕ್ಕೆ ಪರಿಹಾರ ಒಂದೇ: ಒಂದು ಸಲಕ್ಕೆ ಒಂದೇ ವಾದ್ಯವನ್ನು ಮುದ್ರಿಸುವುದು. ನಾವು 36 ಸಲ ಮುದ್ರಿಸಿದ್ದು ಇದೇ ಕಾರಣಕ್ಕೆ.

ಒಂದೇ ಧ್ವನಿ ಎರಡು ಸಲ

ಎರಡನೆಯ ರಾತ್ರಿ ಇನ್ನೊಂದು ಪೇಚು ಎದುರಾಯಿತು. ಮುದ್ರಿಸಿದ ಕೊಳಲು ಕೊಳವೆಯೊಳಗಿಂದ ಕೂಗಿದಂತೆ ಕೇಳಿಸಿತು. ಕಾರಣ ನನ್ನ ಮರೆವು. ಮುದ್ರಣ ಮುಗಿದ ಮೇಲೆ ಮಿಡಿ ಟ್ರ್ಯಾಕನ್ನು ಮೌನಗೊಳಿಸಿರಲಿಲ್ಲ. ಆದ್ದರಿಂದ ಮುದ್ರಿತ ಕೊಳಲೂ, ಅದೇ ಹೊತ್ತಿಗೆ ಸಿಂಥಸೈಜರ್ ಹೊಸದಾಗಿ ನುಡಿಸುತ್ತಿದ್ದ ಕೊಳಲೂ ಒಟ್ಟಿಗೆ ಬರುತ್ತಿದ್ದವು.

ಇದು ವ್ಯತೀಕರಣದ ಅಂದವಾದ ಉದಾಹರಣೆ. ಒಂದೇ ಧ್ವನಿಯ ಎರಡು ಪ್ರತಿಗಳ ನಡುವೆ 2 ಮಿಲಿಸೆಕೆಂಡು ಅಂತರವಿದೆ ಎನ್ನೋಣ. ಯಾವ ಆವೃತ್ತಿಗೆ ಆ ಅವಧಿ ಅರ್ಧ ಕಂಪನವೋ ಅಲ್ಲಿ ಉಬ್ಬು ತಗ್ಗನ್ನು ಸೇರಿ ಎರಡೂ ಅಳಿಯುತ್ತವೆ. ಹೀಗೆ 250, 750, 1250 ಹರ್ಟ್ಸ್‌ಗಳು ಮಾಯವಾಗುತ್ತವೆ. 500, 1000 ಹರ್ಟ್ಸ್‌ಗಳು ಇಮ್ಮಡಿಯಾಗುತ್ತವೆ. ಆವೃತ್ತಿಯ ನಕ್ಷೆ ಬರೆದರೆ ಬಾಚಣಿಗೆಯ ಹಲ್ಲುಗಳಂತೆ ಕಾಣುತ್ತದೆ. ಮಿಡಿ ಟ್ರ್ಯಾಕನ್ನು ಮೌನಗೊಳಿಸಿದ ಕೂಡಲೇ ಕೊಳಲು ಕೊಳಲಾಯಿತು. ಮೌನಗೊಳಿಸಬೇಕೇ ಹೊರತು ಅಳಿಸಬಾರದು. ಅಪ್ಪಣೆಗಳ ಪಟ್ಟಿ ಮುಂದೆ ಬೇಕಾಗಬಹುದು.

ಅಂತಿಮ ಮಿಶ್ರಣ

ಎಲ್ಲ ಟ್ರ್ಯಾಕ್‌ಗಳೂ ಧ್ವನಿರೂಪದಲ್ಲಿ ಸಿಕ್ಕ ಮೇಲೆ ಅವನ್ನು ಎಡ ಮತ್ತು ಬಲ ಎಂಬ ಎರಡು ಚಾನಲ್‌ಗಳಿಗೆ ಇಳಿಸುವುದೇ ಅಂತಿಮ ಮಿಶ್ರಣ. ಇಲ್ಲಿ ಕೂಡುವಿಕೆಯ ಲೆಕ್ಕ ನೆನಪಿರಲಿ. ಒಂದೇ ರೀತಿಯ ಎರಡು ಧ್ವನಿಗಳು ಸೇರಿದರೆ ಮಟ್ಟ 6 ಡೆಸಿಬಲ್ ಏರುತ್ತದೆ. ಪರಸ್ಪರ ಸಂಬಂಧವಿಲ್ಲದ, ಸಮಾನ ಮಟ್ಟದ ಎರಡು ಧ್ವನಿಗಳು ಸೇರಿದರೆ 3 ಡೆಸಿಬಲ್. ಅಂಥ ಎಂಟು ಸೇರಿದರೆ 9 ಡೆಸಿಬಲ್. ಆದ್ದರಿಂದ ಪ್ರತಿ ಟ್ರ್ಯಾಕನ್ನೂ ಅಂಚಿನವರೆಗೆ ತುಂಬಿಸಿದರೆ ಮೊತ್ತ ಮಿತಿಯನ್ನು ಮೀರಿಯೇ ತೀರುತ್ತದೆ. ಹಾಡು ಮುಗಿದ ಮೇಲೂ ಎರಡು ಆವರ್ತನ ಖಾಲಿ ಬಿಡಬೇಕು. ಇಲ್ಲವಾದರೆ ತಂಬೂರಿಯ ಅನುರಣನ ನಡುವೆಯೇ ತುಂಡಾಗುತ್ತದೆ.

ಮಿಶ್ರಣವನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ ಮೆಚ್ಚಿಕೊಂಡರೆ ಸಾಲದು. ಅದು ಎಲ್ಲಿ ನುಡಿಯಬೇಕೋ ಅಲ್ಲಿಗೆ ಒಪ್ಪಬೇಕು. ನಮ್ಮ ಶಾಲೆಗಳ ಅಂಗಳದಲ್ಲಿ ಇರುವುದು ಕಹಳೆಯಾಕಾರದ ಧ್ವನಿವರ್ಧಕ. ಅದಕ್ಕೆ ಎಡಬಲಗಳಿಲ್ಲ, ಎರಡೂ ಚಾನಲ್‌ಗಳು ಕೂಡಿ ಒಂದಾಗುತ್ತವೆ. ಧ್ವನಿ ವಿಶಾಲವಾಗಿ ಕೇಳಿಸಲೆಂದು ಕೆಲವು ಸಿಂಥಸೈಜರುಗಳು ಎಡಕ್ಕೆ ನೇರ ತರಂಗವನ್ನೂ ಬಲಕ್ಕೆ ಭಾಗಶಃ ತಲೆಕೆಳಗಾದ ತರಂಗವನ್ನೂ ಕೊಡುತ್ತವೆ. ಒಂದಾಗಿಸಿದಾಗ ಅವು ಒಂದನ್ನೊಂದು ಅಳಿಸುತ್ತವೆ. ಮಾಸ್ತರರ ತಂಬೂರಿ ಹೀಗೆ ಬಹುಪಾಲು ಮಾಯವಾಯಿತು. ಎಡ ಚಾನಲನ್ನು ಮಾತ್ರ ಇಟ್ಟುಕೊಂಡು ಅದನ್ನು ನಡುವಿಗೆ ತಂದೆವು. ಇಂಥ ಧ್ವನಿವರ್ಧಕ ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನ ಧ್ವನಿಗಳನ್ನು ಸರಿಯಾಗಿ ಹೊರಡಿಸಲಾರದು. ಆದ್ದರಿಂದ ಬಾಯಾದ ಗುಮುಕಿಯನ್ನು ಏರಿಸುತ್ತ ಹೋಗುವುದರಿಂದ ಲಾಭವಿಲ್ಲ.

ತರಗತಿಯಲ್ಲಿ ಮಾಡಿ ನೋಡಿ

ಇದಕ್ಕೆಲ್ಲ ದುಬಾರಿ ಯಂತ್ರಗಳು ಬೇಕಿಲ್ಲ. ಒಂದು ಕಂಪ್ಯೂಟರ್ ಮತ್ತು ಧ್ವನಿ ತಿದ್ದುವ ಉಚಿತ ತಂತ್ರಾಂಶ ಸಾಕು. ಚಪ್ಪಾಳೆಯೊಂದನ್ನು ಮುದ್ರಿಸಿ, ಪ್ರತಿಮಾಡಿ, ಪ್ರತಿಯನ್ನು 5, 10, 20, 40 ಮಿಲಿಸೆಕೆಂಡು ಸರಿಸಿ ಒಟ್ಟಿಗೆ ಕೇಳಿಸಿ. ಎಷ್ಟು ಅಂತರದಲ್ಲಿ ಚಪ್ಪಾಳೆ ಎರಡಾಗಿ ಕೇಳಿಸಿತು ಎಂದು ಪ್ರತಿ ವಿದ್ಯಾರ್ಥಿಯೂ ಬರೆದುಕೊಳ್ಳಲಿ. ತರಗತಿಯಲ್ಲಿ ತಬಲಾ ಕಲಿತ ವಿದ್ಯಾರ್ಥಿ ಇದ್ದರೆ ಅವರ ಸಂಖ್ಯೆಯನ್ನು ಉಳಿದವರ ಸಂಖ್ಯೆಯೊಂದಿಗೆ ಹೋಲಿಸಿ. 440 ಮತ್ತು 443 ಹರ್ಟ್ಸ್‌ಗಳನ್ನು ಕೂಡಿಸಿ ವಿಸ್ಪಂದಗಳನ್ನು ಎಣಿಸಿ. ಹಾಡೊಂದನ್ನು ಅದರದೇ ತಲೆಕೆಳಗಾದ ಪ್ರತಿಯೊಂದಿಗೆ ಕೂಡಿಸಿ. ಉಳಿಯುವ ಮೌನ ಪಾಠಕ್ಕಿಂತ ಚೆನ್ನಾಗಿ ಕಲಿಸುತ್ತದೆ.

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಹನ್ನೆರಡನೆಯ ಹಾಡು ಮುಗಿಯಿತು. ಹಾಡುಗಳನ್ನು ಮೂರು ಪ್ರತಿ ಮಾಡಿ ಒಂದನ್ನು ಮಾಸ್ತರರ ಮನೆಯಲ್ಲಿ, ಒಂದನ್ನು ನಮ್ಮ ಮನೆಯಲ್ಲಿ, ಒಂದನ್ನು ಶಾಲೆಯಲ್ಲಿ ಇರಿಸಿದೆವು. ಸಿಂಥಸೈಜರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಭಾಲ್ಕಿಯ ಬಸ್ಸು ಹತ್ತಿದೆವು. ಕೊಟ್ಟು ಮರಳುವಾಗ ಮಾಸ್ತರರು, "ಸರ, ಹದಿನಾಲ್ಕು ಮಿಲಿಸೆಕೆಂಡು ಅಂದ್ರ ಎಷ್ಟ್ರಿ?" ಎಂದು ಕೇಳಿದರು. ಒಂದು ಸೆಕೆಂಡನ್ನು ಎಪ್ಪತ್ತು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಎಂದೆ. "ಅಷ್ಟು ತಡ ಆದ್ರ ಹುಡುಗರಿಗಿ ಬೈತಿದ್ದೆ ನಾ" ಎಂದು ನಕ್ಕರು. ಉಪಕರಣ ಅಳೆದು ತೋರಿಸುವ ಮೊದಲೇ ಅವರ ಕಿವಿ ಅದನ್ನು ಹಿಡಿದಿತ್ತು. ನಾನು ಮಾಡಿದ್ದು ಆ ಕಿವಿಯ ಮಾತಿಗೆ ಒಂದು ಸಂಖ್ಯೆ ಕೊಟ್ಟದ್ದು ಮಾತ್ರ.